ಪೆಟ್ಟಿಗೆಯ ಒಳಮೈ

ಊರಿನಲ್ಲಿ ಮರಗೆಲಸದವರು ನಾಲ್ಕೈದು ಮಂದಿ ಇದ್ದರು. ಆದರೆ ಯಾರಾದರೂ ತೀರಿಕೊಂಡರೆ ಮನೆಯವರ ಕಾಲು ತಾನಾಗಿಯೇ ತಿರುಗುತ್ತಿದ್ದದ್ದು ಚರ್ಚಿನ ಹಿಂದಿನ ಓಣಿಯ ಒಂದೇ ಅಂಗಡಿಯ ಕಡೆಗೆ. ಅಲ್ಲಿದ್ದವನನ್ನು ಎಲ್ಲರೂ ಪೆಟ್ಟಿಗೆ ಮೇಸ್ತ್ರಿ ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಕೆಲಸ. ಬೀದಿಯಲ್ಲಿ ಅವನು ಎದುರಾದರೆ ಗೆಳೆಯರು, “ಸ್ವಲ್ಪ ಬಗ್ಗಿ ನಡೀರಪ್ಪ, ಕಣ್ಣಲ್ಲೇ ಅಳತೆ ತಗೊಂಡುಬಿಡ್ತಾನೆ” ಎಂದು ಹಾಸ್ಯ ಮಾಡುತ್ತಿದ್ದರು. ಮೇಸ್ತ್ರಿಯೂ ನಗುತ್ತಿದ್ದ. ಅಳತೆ ತೆಗೆದುಕೊಳ್ಳುತ್ತಿದ್ದದ್ದೂ ನಿಜವೇ ಆಗಿತ್ತು, ಅದು ಅವನ ಕೈಮೀರಿದ ಅಭ್ಯಾಸ.

ಅವನ ಪೆಟ್ಟಿಗೆಗಳಿಗೆ ಒಂದು ಹೆಸರಿತ್ತು. ಬೇರೆಯವರು ಹೊರಮೈಯನ್ನು ಮಾತ್ರ ಹೊಳೆಯುವಂತೆ ಮಾಡಿ ಒಳಗಡೆ ಗರಗಸದ ಗುರುತನ್ನು ಹಾಗೇ ಬಿಟ್ಟುಬಿಡುತ್ತಿದ್ದರು. ಹೇಗೂ ಬಟ್ಟೆ ಹಾಸುತ್ತಾರೆ, ಯಾರು ನೋಡುತ್ತಾರೆ? ಮೇಸ್ತ್ರಿ ಒಳಮೈಯನ್ನೂ ಉಜ್ಜುಗೊರಡು ಹಿಡಿದು ಸಮ ಮಾಡಿ, ಮೇಲೆ ಉಪ್ಪುಕಾಗದದಿಂದ ತಿಕ್ಕಿ, ಅಂಗೈ ಆಡಿಸಿದರೆ ಒಂದು ಸಿಬಿರೂ ಚುಚ್ಚದಂತೆ ಮಾಡುತ್ತಿದ್ದ. ಬಡವರ ಮನೆಯ ಮಕ್ಕಳು ತೀರಿಕೊಂಡರೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮಣ್ಣು ಮುಗಿದ ಮೇಲೆ ಮನೆಯವರು ಅವನ ಎರಡೂ ಕೈ ಹಿಡಿದುಕೊಂಡು, “ನಿಮ್ಮಂಥೋರು ಇರೋದ್ರಿಂದ ನಾವು ಬದುಕಿದ್ದೀವಿ” ಎನ್ನುತ್ತಿದ್ದರು. ಅವನು ತಲೆ ತಗ್ಗಿಸಿ, “ನಂದೇನಿದೆ, ಎಲ್ಲ ದೇವರದ್ದು” ಎನ್ನುತ್ತಿದ್ದ. ಹಾಗೆಂದು ಮನೆಗೆ ಬಂದು ಕೈಕಾಲು ತೊಳೆಯುವಾಗ ಆ ಮಾತನ್ನು ಮತ್ತೊಮ್ಮೆ ಮನಸ್ಸಿನೊಳಗೇ ಕೇಳಿಸಿಕೊಳ್ಳುತ್ತಿದ್ದ. ಅದರಲ್ಲಿ ತಪ್ಪೇನಿದೆ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಮಕ್ಕಳಿಲ್ಲದ ಮನೆ ಅದು. ಹೆಂಡತಿಯ ತಮ್ಮನಿಗೆ ಒಬ್ಬಳು ಮಗಳಿದ್ದಳು, ಎಂಟು ವರ್ಷದವಳು. ಶನಿವಾರ ಶಾಲೆ ಬಿಟ್ಟ ಕೂಡಲೇ ಅತ್ತೆಯ ಮನೆಗೆ ಓಡಿ ಬರುತ್ತಿದ್ದಳು. ಮರದ ಸಿಪ್ಪೆಯ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು, “ಮಾವ, ನನ್ ಓಲೆ ಚೆನ್ನಾಗಿದ್ಯಾ?” ಎಂದು ಕೇಳುವಳು. ಅವಳು ಬಂದ ದಿನ ಹೆಂಡತಿ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ಉಳಿದ ದಿನ ಹಾಡುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಶಾಲೆಯ ಬಸ್ಸು ಸೇತುವೆಯ ಇಳಿಜಾರಿನಲ್ಲಿ ಕಲ್ಲುಗೋಡೆಗೆ ಹೊಡೆಯಿತು. ಏಳು ಮಕ್ಕಳು ಹೋದರು. ಶನಿವಾರ ಓಡಿ ಬರುತ್ತಿದ್ದ ಭಾಮೈದನ ಮಗಳೂ ಅದರಲ್ಲಿದ್ದಳು. ಬಸ್ಸು ಓಡಿಸುತ್ತಿದ್ದವನೂ ಹೋದ. ಅವನ ಸೀಟಿನ ಕೆಳಗೆ ಒಂದು ಬಾಟಲಿ ಸಿಕ್ಕಿತೆಂದು ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿಯಾಯಿತು. ಬೆಳ್ಳಂಬೆಳಿಗ್ಗೆ ಕುಡಿದು ಬಸ್ಸು ಹತ್ತಿದ್ದಾನೆ, ಕೊಲೆಗಡುಕ ಎಂದರು. ಬಾಟಲಿಯನ್ನು ಕಂಡವರು ಯಾರು, ಅದರಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿಯೂ ಕೇಳಲಿಲ್ಲ.

ಅವನು ಮಂಗಳವಾರವಿಡೀ ಕೂತು ಏಳು ಪೆಟ್ಟಿಗೆ ಮಾಡಿದ. ಆರು ಮನೆಗೆ ಹೋಗಿ ಅಳತೆ ತಂದ. ಏಳನೆಯದಕ್ಕೆ ಅಳತೆ ಬೇಕಿರಲಿಲ್ಲ. ಬುಧವಾರ ಏಳನ್ನೂ ಸಾಲಾಗಿ ಮಣ್ಣು ಮಾಡಿದರು. ಭಾಮೈದ ಕೊನೆಗೆ ಮಗಳ ಪೆಟ್ಟಿಗೆಯ ಮೇಲೆ ಬಿದ್ದು ಬಿಡಲೇ ಇಲ್ಲ. ನಾಲ್ಕು ಜನ ಸೇರಿ ಎಬ್ಬಿಸಬೇಕಾಯಿತು. ಹೆಂಡತಿ ತಮ್ಮನ ಜೊತೆಗೇ ಅವನ ಮನೆಗೆ ಹೋದಳು. ಮೇಸ್ತ್ರಿಗೆ ಆ ಮನೆಯ ಅಳು ಕೇಳಿಸಿಕೊಳ್ಳಲಾಗದೆ ಅಂಗಡಿಗೆ ಬಂದು, ಬಾಗಿಲು ಅರ್ಧ ಎಳೆದುಕೊಂಡು, ಕೆಲಸದ ಮಣೆಯ ಮೇಲೆ ಸುಮ್ಮನೆ ಕೂತ.

ಆಗ ಬಾಗಿಲ ಬಳಿ ಇಸ್ತ್ರಿಯಮ್ಮ ನಿಂತಿದ್ದಳು. ಆಸ್ಪತ್ರೆಯ ಎದುರಿನ ಓಣಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಮುದುಕಿ, ಬಸ್ಸಿನವನ ತಾಯಿ. ಗಂಡ ಯಾವಾಗಲೋ ಹೋಗಿದ್ದ, ಇದ್ದವನು ಅವನೊಬ್ಬನೇ ಮಗ. ಕೈಯಲ್ಲಿ ಬಿಳಿ ಬಟ್ಟೆಯ ಉದ್ದನೆಯ ಪಟ್ಟಿಯೊಂದನ್ನು ಸುತ್ತಿ ಹಿಡಿದಿದ್ದಳು.

“ಮೇಸ್ತ್ರಿಯವರೇ, ಅಳತೆ ತಂದಿದ್ದೀನಿ.”

ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಮೈಯೆಲ್ಲ ಬಿಸಿಯಾಯಿತು.

“ಇಲ್ಲಿಗೆ ಬರೋಕೆ ನಿಮಗೆ ಮನಸ್ಸಾದ್ರೂ ಹೇಗ್ ಬಂತಮ್ಮಾ?”

“ಬೇರೆ ಮೂರು ಅಂಗಡಿಗೂ ಹೋಗ್ ಬಂದೆ. ಒಬ್ರು ಬಾಗಿಲು ಹಾಕಿದ್ರು. ಒಬ್ರು ಹಳೇ ಗೋಣಿಚೀಲ ಕೊಡ್ಲಾ ಅಂದ್ರು.” ಅವಳ ಸ್ವರದಲ್ಲಿ ಅಳು ಇರಲಿಲ್ಲ. ಅತ್ತು ಮುಗಿದಿತ್ತೇನೋ. “ಆಸ್ಪತ್ರೆಯೋರು ಇವತ್ತು ಸಂಜೆಯೊಳಗೆ ಒಯ್ಯಬೇಕು ಅಂದಿದ್ದಾರೆ. ಪಾದ್ರಿಗಳು ಗೋಡೆ ಪಕ್ಕದ ಮೂಲೆ ಕೊಡ್ತೀನಿ, ಗಂಟೆ ಹೊಡೆಸೋಕಾಗಲ್ಲ ಅಂದ್ರು. ಸರಿ ಅಂದೆ. ಪೆಟ್ಟಿಗೆ ಒಂದು ಆಗಬೇಕಿತ್ತು.”

“ಆಗಲ್ಲಮ್ಮ. ಹೋಗಿ.”

ಅವಳು ಹೋಗಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಪಟ್ಟಿಯನ್ನು ಮಣೆಯ ತುದಿಯಲ್ಲಿಟ್ಟು ಓಣಿಯ ಎದುರುಬದಿಯ ಕಟ್ಟೆಯ ಮೇಲೆ ಹೋಗಿ ಕೂತಳು.

ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಕೂತೇ ಇದ್ದ. ಕೆಲಸಕ್ಕೆ ಕೈ ಹಾಕುವ ಮುಂಚೆ “ಪ್ರಭುವೇ, ಇದು ನಿನಗೆ” ಎಂದು ಹೇಳಿಕೊಳ್ಳುವುದು ಅವನಿಗೆ ಅಪ್ಪನಿಂದ ಬಂದ ರೂಢಿ. ಎಷ್ಟು ಸಾವಿರ ಸಲ ಹೇಳಿದ್ದನೋ ಲೆಕ್ಕವಿಲ್ಲ. ಈಗ ಅದೇ ಮಾತು ಎದ್ದು ಬಂದು ಎದುರಿಗೆ ನಿಂತ ಹಾಗಾಯಿತು. ಇಷ್ಟು ವರ್ಷ ಯಾರಿಗೆ ಮಾಡಿದೆ? ಪ್ರಭುವಿಗೆ ಮಾಡಿದ್ದು ನಿಜವಾದರೆ ಇವತ್ತು ಬಂದಿರುವ ಕೆಲಸವೂ ಅವನದೇ. ಕೈ ಹಿಡಿದು ಹೊಗಳುವವರಿಗಾಗಿ ಮಾಡಿದ್ದಾದರೆ ಇದನ್ನು ಮಾಡಬೇಕಾಗಿಲ್ಲ, ಏಕೆಂದರೆ ಇದಕ್ಕೆ ಹೊಗಳುವವರು ಹುಟ್ಟಿಲ್ಲ.

ಕ್ಷಮೆ ಗಿಮೆ ಏನೂ ಅವನ ಎದೆಯಲ್ಲಿ ಮೂಡಲಿಲ್ಲ. ಎದ್ದು ಹಲಗೆ ಎಳೆದ. ಮೊದಲು ಕೈ ಹೋದದ್ದು ಗಂಟುಗಂಟಾದ, ಒಂದು ಕಡೆ ಹುಳ ತಿಂದ ಹಲಗೆಗೆ. ಇವನಿಗೆ ಇದೇ ಹೆಚ್ಚು ಎಂದುಕೊಂಡ. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಿದ್ದು, ಅದನ್ನು ವಾಪಸ್ ಇಟ್ಟು ಒಳ್ಳೆಯದನ್ನು ತೆಗೆದ. ಕತ್ತರಿಸಿದ, ಜೋಡಿಸಿದ. ಒಳಮೈಗೆ ಬಂದಾಗ ಮತ್ತೆ ಕೈ ನಿಂತಿತು. ಕೊಲೆಗಡುಕನ ಬೆನ್ನಿಗೆ ಸಿಬಿರು ಚುಚ್ಚಿದರೆ ಯಾರ ಗಂಟು ಹೋಗುತ್ತದೆ? ಕಣ್ಣಿನ ಮುಂದೆ ಸಿಪ್ಪೆಯ ಓಲೆ ಹಾಕಿಕೊಂಡ ಮುಖ. ‘ನನ್ನ ಮಗುವನ್ನು ಕೊಂದ ನೀಚ, ನನ್ನ ಮಗುವನ್ನು ಕೊಂದ ನೀಚ’ ಎಂದು ಒಳಗೊಳಗೇ ಶಪಿಸುತ್ತ, ಉಜ್ಜುಗೊರಡು ಹಿಡಿದು ಒಳಮೈಯ ನಾಲ್ಕೂ ಬದಿಯನ್ನು ಸಮ ಮಾಡಿದ. ಉಪ್ಪುಕಾಗದದಿಂದ ತಿಕ್ಕಿದ. ಮೂಗಿನ ತುದಿಯಿಂದ ಬೆವರೋ ಕಣ್ಣೀರೋ ಹಲಗೆಯ ಮೇಲೆ ಬಿದ್ದದ್ದನ್ನೂ ತಿಕ್ಕಿದ. ಅಂಗೈ ಆಡಿಸಿ ನೋಡಿದ. ನುಣ್ಣಗಿತ್ತು.

ಕೈಗಾಡಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಆಸ್ಪತ್ರೆಯ ತನಕ ಅವನೇ ನೂಕಿದ. ಮುದುಕಿ ಹಿಂದೆ ನಡೆದಳು. ಬೀದಿಯಲ್ಲಿ ಜನ ನಿಂತು ನೋಡಿದರು. ಮುಖ್ಯ ರಸ್ತೆಗೆ ತಿರುಗುವಾಗ ಹಿಂದಿನಿಂದ ಒಂದು ಕಲ್ಲು ಬಂದು ಗಾಡಿಯ ಚಕ್ರಕ್ಕೆ ಬಡಿಯಿತು.

*

ಮರುದಿನ ಬೆಳಿಗ್ಗೆ ಹೆಂಡತಿ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಹೊಸಿಲಿನ ಮೇಲೆ ನಿಂತು ಕೇಳಿದಳು.

“ಅವನಿಗೂ ಮಾಡಿಕೊಟ್ರಂತೆ. ಹೌದಾ?”

“ಹೌದು.”

“ನಮ್ಮ ಪುಟ್ಟಿಗೆ ಮಾಡಿದ ಕೈಯಲ್ಲೇ?”

ಮೇಸ್ತ್ರಿ ತನ್ನ ಕೈ ನೋಡಿಕೊಂಡ. ಬೇರೆ ಕೈ ಎಲ್ಲಿಂದ ತರಬೇಕಿತ್ತು? ಅವಳು ಒಳಗೆ ಹೋಗಿ ನಾಲ್ಕು ಸೀರೆ ಚೀಲಕ್ಕೆ ತುಂಬಿಕೊಂಡು ತಮ್ಮನ ಮನೆಗೆ ಹೋದಳು. ಸಂಜೆ ಭಾಮೈದ ಬಂದ. ಯಾವಾಗಲೂ “ಭಾವ, ಭಾವ” ಎಂದು ತೋಳು ಹಿಡಿದು ಮಾತಾಡುವವನು ಬಾಗಿಲಲ್ಲೇ ನಿಂತು ನೆಲಕ್ಕೆ ಉಗಿದು ಹೋದ.

ಆಮೇಲೆ ನಾಲ್ಕು ತಿಂಗಳು ಪೆಟ್ಟಿಗೆ ಕೇಳಿಕೊಂಡು ಯಾರೂ ಬರಲಿಲ್ಲ. ಊರಲ್ಲಿ ಸಾವು ನಿಂತಿರಲಿಲ್ಲ. ಪಕ್ಕದ ಊರಿನಿಂದ ತಯಾರಾದ ಪೆಟ್ಟಿಗೆಗಳು ವ್ಯಾನಿನಲ್ಲಿ ಬರುತ್ತಿದ್ದವು, ಹೊರಗೆ ಹೊಳಪು, ಒಳಗೆ ಗರಗಸದ ಹಲ್ಲು. ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಒಂದು ಭಾನುವಾರ ಹತ್ತಿರದ ಮನೆಯ ಅಜ್ಜಿ ಕಣ್ಣು ಕಾಣದೆ ಬಂದು ಪಕ್ಕದಲ್ಲಿ ಕೂತಳು. ಮೊಮ್ಮಗಳು ಕಿವಿಯಲ್ಲಿ ಏನೋ ಉಸುರಿ ಎಬ್ಬಿಸಿಕೊಂಡು ಹೋದಳು.

ಆ ನಾಲ್ಕು ತಿಂಗಳು ಮೇಸ್ತ್ರಿ ಅನುಭವಿಸಿದ್ದನ್ನು ಸುಖ ಎನ್ನಲಾಗದು. ಮನೆಯಲ್ಲಿ ಒಲೆ ಹೊತ್ತಿದರೆ ಹೊತ್ತಿತು, ಇಲ್ಲದಿದ್ದರೆ ಇಲ್ಲ. ಆದರೆ ಪ್ರಾರ್ಥನೆಗೆ ಕೂತಾಗ ಬಾಯಿ ತಡವರಿಸುತ್ತಿರಲಿಲ್ಲ. ದೇವರು ಉತ್ತರವೇನೂ ಕೊಡಲಿಲ್ಲ, ಆದರೂ ಒಂದು ಖಾಲಿ ಕೋಣೆಯಲ್ಲಿ ಇಬ್ಬರೇ ಕೂತ ಹಾಗೆ ಅನ್ನಿಸುತ್ತಿತ್ತು. ನಡುವೆ ಮೂರನೆಯವರ ಮಾತು ಇರಲಿಲ್ಲ. ಆ ದಿನಗಳು ಅಂಥವು ಎಂದು ಅವನಿಗೆ ತಿಳಿದದ್ದು ಅವು ಮುಗಿದ ಮೇಲೆ.

ಐದನೆಯ ತಿಂಗಳು ವಿಚಾರಣೆಯ ವರದಿ ಹೊರಬಂತು. ಬಸ್ಸಿನವನ ರಕ್ತದಲ್ಲಿ ಮದ್ಯದ ಸುಳಿವೂ ಇರಲಿಲ್ಲ. ಬಾಟಲಿಯಲ್ಲಿದ್ದದ್ದು ಎಂಜಿನ್‌ಗೆ ಹಾಕುವ ನೀರು. ಬ್ರೇಕ್ ಹಿಡಿಯುತ್ತಿಲ್ಲ, ರಿಪೇರಿ ಮಾಡಿಸಿ ಎಂದು ಅವನು ಶಾಲೆಯ ಆಫೀಸಿಗೆ ಮೂರು ಸಲ ಬರೆದುಕೊಟ್ಟಿದ್ದ. ಮೂರೂ ಚೀಟಿ ಒಂದೇ ಫೈಲಿನಲ್ಲಿ ಮಡಿಕೆ ಬಿಚ್ಚದೆ ಇದ್ದವು. ಇಳಿಜಾರಿನಲ್ಲಿ ಬ್ರೇಕ್ ಹೋದಾಗ ಬಸ್ಸು ನೇರ ಹೊಳೆಗೆ ಹೋಗಬೇಕಿತ್ತು. ಅವನು ತನ್ನ ಕಡೆಯ ಬದಿಯನ್ನೇ ಕಲ್ಲುಗೋಡೆಗೆ ಕೊಟ್ಟು ತಿರುಗಿಸಿದ್ದ. ಇಪ್ಪತ್ತೆರಡು ಮಕ್ಕಳು ಉಳಿದದ್ದು ಅದರಿಂದ.

ಊರು ತಲೆ ತಗ್ಗಿಸಿತು. ಇಸ್ತ್ರಿಯಮ್ಮನ ಅಂಗಡಿಯ ಮುಂದೆ ಸಾಲು ನಿಂತಿತು. ಜನ ಬಂದರು, ಅತ್ತರು, ಕಾಲು ಹಿಡಿದರು. ಅಷ್ಟಾದರೂ ಸಾಲಲಿಲ್ಲ. ಅಷ್ಟೂ ಜನ ತಪ್ಪು ಮಾಡಿದ್ದೇವೆ ಎಂದರೆ ಊರಿಗೆ ಉಸಿರಾಡಲು ಒಬ್ಬನಾದರೂ ಸರಿ ಇದ್ದವನು ಬೇಕು. ಆಗ ಎಲ್ಲರಿಗೂ ಪೆಟ್ಟಿಗೆ ಮೇಸ್ತ್ರಿಯ ನೆನಪಾಯಿತು.

“ನಿಮಗೊಬ್ರಿಗೆ ಗೊತ್ತಿತ್ತು,” ಎಂದರು ಅಂಗಡಿಗೆ ಬಂದವರು. “ನಾವೆಲ್ಲ ಕುರುಡರಾಗಿದ್ವಿ. ನೀವು ಆ ಹುಡುಗನ್ನ ನಂಬಿದ್ರಿ.”

ಮೊದಲನೆಯವನು ಹಾಗೆಂದಾಗ ಮೇಸ್ತ್ರಿ ಅಲ್ಲ ಎನ್ನಲು ಬಾಯಿ ತೆರೆದದ್ದು ನಿಜ. ಆದರೆ ಬಂದವನು ಕೈ ಹಿಡಿದುಕೊಂಡು ಅಳುತ್ತಿದ್ದ. ಐದು ತಿಂಗಳಿಂದ ಯಾರೂ ಆ ಕೈ ಮುಟ್ಟಿರಲಿಲ್ಲ. “ಎಲ್ಲ ದೇವರದ್ದು” ಎಂದುಬಿಟ್ಟ. ಎರಡನೆಯವನಿಗೂ ಅದನ್ನೇ ಹೇಳಿದ. ಹತ್ತನೆಯವನು ಬರುವಷ್ಟರಲ್ಲಿ ಬಂದವರು ಹೇಳುತ್ತಿದ್ದದ್ದು ಸುಳ್ಳು ಎಂಬುದು ಅವನಿಗೂ ಅರ್ಧ ಮರೆತಿತ್ತು.

ಹೆಂಡತಿ ಚೀಲ ಹಿಡಿದುಕೊಂಡು ವಾಪಸ್ ಬಂದಳು. ಬಾಗಿಲಲ್ಲೇ ಕೂತು ಅತ್ತಳು. “ನಿಮ್ಮನ್ನ ಅರ್ಥ ಮಾಡ್ಕೊಳ್ಳಿಲ್ಲ ರೀ ನಾನು. ನಿಮಗೆ ಅವತ್ತೇ ಹೇಗೆ ಗೊತ್ತಾಯ್ತು?” ಅವನು ಅವಳ ತಲೆ ಸವರಿದ. ಭಾಮೈದ ಬಂದು “ಭಾವ” ಎಂದು ಮೊದಲಿನ ಹಾಗೆ ತೋಳು ಹಿಡಿದುಕೊಂಡ.

ಇಸ್ತ್ರಿಯಮ್ಮ ಶನಿವಾರ ಶನಿವಾರ ಅವನ ಬಿಳಿ ಅಂಗಿಯನ್ನು ತಾನೇ ಬಂದು ಒಯ್ದು, ಗರಿಗರಿಯಾಗಿ ಇಸ್ತ್ರಿ ಮಾಡಿ ತಂದುಕೊಡಲು ಶುರು ಮಾಡಿದಳು. ಬೇಡ ಎಂದರೆ ಕೇಳುತ್ತಿರಲಿಲ್ಲ.

“ಇಡೀ ಊರಲ್ಲಿ ನನ್ನ ಮಗನ್ನ ನಂಬಿದೋನು ನೀನೊಬ್ಬನೇ, ತಮ್ಮಾ,” ಎಂದಳು ಒಂದು ಸಲ. ಮೇಸ್ತ್ರಿಯವರೇ ಎನ್ನುವುದು ಯಾವಾಗಲೋ ಬಿಟ್ಟುಹೋಗಿತ್ತು. “ನಾನೇ ಒಂದ್ ಗಳಿಗೆ ಅನುಮಾನಪಟ್ಟಿದ್ದೆ ಗೊತ್ತಾ? ಹೆತ್ತ ತಾಯಿ. ಕುಡಿದಿದ್ನೇನೋ ಅಂತ. ಆಮೇಲೆ ನೀನು ಎದ್ದು ಹಲಗೆ ಎಳೆದಿದ್ದು ಕಟ್ಟೆ ಮೇಲಿಂದ ನೋಡ್ದೆ. ಹೊರಗಿನೋನೇ ನಂಬುವಾಗ ನನಗೇನು ಬಂದಿದೆ ರೋಗ ಅನ್ನಿಸ್ತು. ಅವತ್ತು ನೀನು ನನ್ನನ್ನ ಉಳಿಸ್ದೆ.”

ಅವಳು ಹೋದ ಮೇಲೆ ಮೇಸ್ತ್ರಿ ಆ ಅಂಗಿಯನ್ನು ಹಾಕಿಕೊಳ್ಳಲಾರದೆ ಮಂಚದ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತ.

ಮರುದಿನ ಭಾನುವಾರ. ಚರ್ಚಿನಲ್ಲಿ ಅಂದು ಓದಿದ ಪಾಠ, ಜನ ನೋಡಲಿ ಎಂದು ಒಳ್ಳೆಯದು ಮಾಡುವವರ ಬಗ್ಗೆ ಯೇಸು ಹೇಳಿದ್ದು. ಅವರಿಗೆ ಸಿಗಬೇಕಾದದ್ದು ಆಗಲೇ ಸಿಕ್ಕಿಹೋಗಿದೆ ಎಂಬ ಅರ್ಥ ಅದಕ್ಕೆ. ಎಷ್ಟೋ ಸಲ ಕೇಳಿದ ಮಾತು. ಕೇಳಿದಾಗಲೆಲ್ಲ ಮೇಸ್ತ್ರಿಗೆ ಊರಿನ ಒಬ್ಬಿಬ್ಬರ ಮುಖ ನೆನಪಾಗುತ್ತಿತ್ತು. ಈ ಸಲ ಬೇರೆ ಯಾರ ಮುಖವೂ ಬರಲಿಲ್ಲ. ಮಂಡಿಯೂರಿದ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಆ ನಾಲ್ಕು ತಿಂಗಳ ಖಾಲಿ ಕೋಣೆ ಈಗ ಜನರಿಂದ ತುಂಬಿತ್ತು. ಎಲ್ಲರೂ ಕೈ ಹಿಡಿಯುವವರೇ. ಯಾರೊಡನೆ ಮಾತಾಡಬೇಕಿತ್ತೋ ಅವನು ಮಾತ್ರ ಕಾಣಿಸಲಿಲ್ಲ.

ಪೂಜೆ ಮುಗಿದ ಮೇಲೆ ಪಾದ್ರಿಗಳು ಅವನನ್ನು ಒಳಗೆ ಕರೆದರು. ಮುಂದಿನ ಭಾನುವಾರ ಸತ್ತವರಿಗಾಗಿ ವಿಶೇಷ ಪ್ರಾರ್ಥನೆ, ಎಂಟೂ ಜನರ ಹೆಸರು ಓದುತ್ತೇವೆ, ಆಮೇಲೆ ನಿಮಗೊಂದು ಮಾನಪತ್ರ ಎಂದರು.

“ಫಾದರ್, ನಾನು ಅವನನ್ನ ನಂಬಿರಲಿಲ್ಲ.”

ಪಾದ್ರಿಗಳು ಕನ್ನಡಕ ತೆಗೆದರು.

“ಕುಡಿದು ನಮ್ಮ ಮಗುವನ್ನ ಕೊಂದ ಅಂತಾನೇ ಅಂದ್ಕೊಂಡಿದ್ದೆ. ಬೈತಾ ಬೈತಾ ಮಾಡಿದ ಪೆಟ್ಟಿಗೆ ಅದು. ದೇವರ ಮುಖ ನೋಡಿ ಮಾಡ್ದೆ, ಅಷ್ಟೇ. ಜನ ಬೇರೆ ಏನೋ ತಿಳ್ಕೊಂಡಿದ್ದಾರೆ. ನಾನು ಸುಮ್ನಿದ್ದೆ.”

ಪಾದ್ರಿಗಳು ಎದ್ದು ಬಾಗಿಲು ಮುಚ್ಚಿದರು. ಅವರೂ ಆ ಬುಧವಾರ ಗಂಟೆ ಹೊಡೆಸದೆ ಇದ್ದವರು.

“ನನಗೆ ಹೇಳಿದ್ರಲ್ಲ, ಸಾಕು. ದೇವರಿಗೂ ಗೊತ್ತಾಯ್ತು. ಇನ್ನು ಬಾಯಿ ಬಿಡಬೇಡಿ. ಆ ತಾಯಿಗೆ ಈ ಲೋಕದಲ್ಲಿ ಉಳಿದಿರೋ ಸಮಾಧಾನ ಅದೊಂದೇ. ಅದನ್ನ ಕಿತ್ಕೊಂಡು ನೀವು ಯಾವ ಪುಣ್ಯ ಕಟ್ಕೊಳ್ತೀರಿ?”

ಮಾತು ಸರಿಯಾಗಿಯೇ ಇತ್ತು. ಆದರೂ ಮೇಸ್ತ್ರಿಗೆ ಸುಮ್ಮನಿರಲಾಗಲಿಲ್ಲ. ದಾರಿಯಲ್ಲಿ, ಮುದುಕಿಗೆ ಮೊದಲು ಒಬ್ಬನೇ ಹೋಗಿ ಹೇಳಬೇಕು, ಆಮೇಲೆ ಉಳಿದದ್ದು ಎಂದು ತೀರ್ಮಾನಿಸಿದ. ಮಂಗಳವಾರ ಹೊರಟವನು ಓಣಿಯ ತಿರುವಿನಿಂದ ವಾಪಸ್ ಬಂದ. ಗುರುವಾರ ಅಂಗಡಿಯ ತನಕ ಹೋದ. ಅವಳು ಯಾರದೋ ಮಗುವಿನ ಸಮವಸ್ತ್ರಕ್ಕೆ ನೀರು ಚಿಮುಕಿಸುತ್ತಿದ್ದಳು. “ಬಾ ತಮ್ಮಾ, ಕೂತ್ಕೋ” ಎಂದು ಮುಖ ಅರಳಿಸಿದಳು. ಅವನು ಗುಂಡಿ ಕಿತ್ತುಹೋದ ಅಂಗಿಯ ವಿಷಯ ಏನೋ ಮಾತಾಡಿ ಎದ್ದುಬಂದ. ಶನಿವಾರ ಅವಳೇ ಅಂಗಿ ತಂದಾಗಲೂ ಹೇಳಲಿಲ್ಲ. ಅದು ಕರುಣೆಯಲ್ಲ, ಹೇಡಿತನ ಎಂದು ಅವನಿಗೆ ಗೊತ್ತಿತ್ತು.

ಭಾನುವಾರ ಚರ್ಚು ತುಂಬಿತ್ತು. ಮೊದಲ ಸಾಲಿನಲ್ಲಿ ಏಳು ಮನೆಯವರು, ಅವರ ನಡುವೆ ಇಸ್ತ್ರಿಯಮ್ಮ. ಹೆಂಡತಿ ಅವಳ ಪಕ್ಕದಲ್ಲೇ ಕೂತು ಅವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಎಂಟು ಹೆಸರು ಓದಿದರು. ಆಮೇಲೆ ಮಾನಪತ್ರ ಓದಿದರು. ‘ಇಡೀ ಊರು ಕಲ್ಲು ಹಿಡಿದಿದ್ದಾಗ ಸತ್ಯವನ್ನು ಕಂಡ ಒಂದೇ ಕಣ್ಣು’ ಎಂದಿತ್ತು ಅದರಲ್ಲಿ. ಚೌಕಟ್ಟು ಹಾಕಿಸಿದ್ದರು. ಮೂಲೆ ಸರಿಯಾಗಿ ಕೂಡಿಲ್ಲ ಎಂಬುದು ಮೇಸ್ತ್ರಿಯ ಕಣ್ಣಿಗೆ ಬಿತ್ತು.

ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಜನರ ಕಡೆ ತಿರುಗಿದ. ಪಾದ್ರಿಗಳು “ಮೇಸ್ತ್ರೀ” ಎಂದು ಮೆಲ್ಲಗೆ ಎಚ್ಚರಿಸಿದರು.

“ನನಗೆ ಏನೂ ಗೊತ್ತಿರಲಿಲ್ಲ,” ಎಂದ. “ನೀವೆಲ್ಲ ಏನ್ ತಿಳ್ಕೊಂಡಿದ್ರೋ ನಾನೂ ಅದನ್ನೇ ತಿಳ್ಕೊಂಡಿದ್ದೆ. ಕುಡಿದು ಮಕ್ಕಳನ್ನ ಕೊಂದ ಅಂತ. ಅವನಿಗೆ ಶಾಪ ಹಾಕ್ತಾನೇ ಪೆಟ್ಟಿಗೆ ಮಾಡ್ದೆ. ಕೆಲಸ ದೇವರದ್ದು ಅಂತ ಬಾಯಲ್ಲಿ ಹೇಳ್ತಿದ್ದೆ, ಬಿಡೋಕಾಗ್ಲಿಲ್ಲ, ಮಾಡ್ದೆ. ಆಮೇಲೆ ನೀವು ಬಂದು ಹೊಗಳಿದ್ರಿ. ನನಗೆ ಹಿತವಾಗಿತ್ತು, ಸುಮ್ನಿದ್ದೆ. ಈ ಪತ್ರದಲ್ಲಿರೋ ಮನುಷ್ಯ ನಾನಲ್ಲ. ಅಮ್ಮಾ...” ಎಂದು ಮೊದಲ ಸಾಲಿನ ಕಡೆ ತಿರುಗಿದ. “ನಿಮಗೆ ಮೊದಲೇ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ.”

ಮುದುಕಿ ಅವನ ಮುಖವನ್ನೇ ನೋಡಿದಳು. ಹೆಂಡತಿಯ ಮಡಿಲಿನಿಂದ ಕೈ ಬಿಡಿಸಿಕೊಂಡಳು. ಎದ್ದು, ಬೆಂಚುಗಳ ತುದಿ ಹಿಡಿಯುತ್ತ ಹಿಡಿಯುತ್ತ ನಡುವಿನ ದಾರಿಯಲ್ಲಿ ಬಾಗಿಲ ತನಕ ನಡೆದು ಹೊರಗೆ ಹೋದಳು. ಹಿಂದಿನ ಸಾಲಿನಲ್ಲಿ ಯಾರೋ, “ಇದೆಲ್ಲ ಈಗ ಯಾಕೆ ಬೇಕಿತ್ತು ಇವನಿಗೆ?” ಎಂದದ್ದು ಎಲ್ಲರಿಗೂ ಕೇಳಿಸಿತು.

*

ಮನೆಗೆ ಬಂದ ಮೇಲೆ ಹೆಂಡತಿ ಮಾತಾಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

“ಅವನು ನಮ್ಮ ಪುಟ್ಟಿಯನ್ನ ಕೊಂದಿಲ್ಲ ಅಂತ ನಿಮಗೆ ಗೊತ್ತಿತ್ತು, ಅದಕ್ಕೇ ಮಾಡಿದ್ರಿ ಅಂತ ನಾನು ವಾಪಸ್ ಬಂದೆ. ಕೊಂದಿದ್ದಾನೆ ಅಂತ ತಿಳ್ಕೊಂಡೇ ಮಾಡಿದ್ರಾ?”

“ಹೌದು.”

“ಅವಳಿಗೆ ತಿಕ್ಕಿದ ಹಾಗೇ ತಿಕ್ಕಿ?”

“ಹೌದು ಕಣೇ.”

“ಇರ್ಲಿ. ಅದು ನಿಮಗೂ ನಿಮ್ಮ ದೇವರಿಗೂ ಬಿಟ್ಟಿದ್ದು. ಆದ್ರೆ ಇವತ್ತು ಯಾರಿಗೋಸ್ಕರ ಮಾತಾಡಿದ್ರಿ? ಆ ಮುದುಕಿ ನನ್ನ ಪಕ್ಕ ಕೂತಿದ್ಲು. ಅವಳ ಕೈ ತಣ್ಣಗಾಗಿದ್ದು ನನಗೆ ಗೊತ್ತಾಯ್ತು. ನಿಮಗೆ ಮನಸ್ಸು ಹಗುರ ಆಗ್ಬೇಕಿತ್ತು, ಭಾರ ತಗೊಂಡು ಹೋಗಿ ಅವಳ ತಲೆ ಮೇಲೆ ಇಟ್ರಿ.”

ಆ ಮಾತು ಅವನೊಳಗೆ ಮುರಿದುಕೊಂಡ ಮುಳ್ಳಿನ ಹಾಗೆ ಉಳಿಯಿತು. ಜನರ ಎದುರು ನಿಂತು ಹೊಗಳಿಕೆ ಬೇಡ ಎಂದಾಗ, ಬೇಡ ಎನ್ನುವ ತನ್ನನ್ನು ತಾನೇ ಒಂದು ಗಳಿಗೆ ಹೊರಗಿನಿಂದ ನೋಡಿದ್ದುಂಟೇ? ಎಂಥ ಮನುಷ್ಯ ಎಂದು ಯಾರಾದರೂ ಅಂದುಕೊಳ್ಳಲಿ ಎಂಬ ಆಸೆ ಎಲ್ಲೋ ಮೂಲೆಯಲ್ಲಿ ಕೂತಿತ್ತೇ? ಎಷ್ಟು ಕೆದಕಿದರೂ ಇಲ್ಲ ಎಂದು ಆಣೆ ಮಾಡಿ ಹೇಳಲಾಗಲಿಲ್ಲ. ಮರವಾದರೆ ಕೈಯಾಡಿಸಿ ನೋಡಬಹುದು. ಮನಸ್ಸಿಗೆ ಅದು ಸಾಧ್ಯವಿಲ್ಲ.

ಮಾರನೆಯ ದಿನ ಇಸ್ತ್ರಿ ಅಂಗಡಿಗೆ ಹೋದ. ಇಸ್ತ್ರಿಯಮ್ಮ ತಲೆ ಎತ್ತಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಕೆಂಡವನ್ನು ಊದಿ, ದಿಂಬಿನ ಕವರೊಂದನ್ನು ಹಾಸಿ ಉಜ್ಜಿದಳು.

“ಕ್ಷಮಿಸಿ ಅಮ್ಮಾ.”

“ಬನ್ನಿ ಮೇಸ್ತ್ರಿಯವರೇ.”

ಅದೊಂದು ಮಾತಿನಲ್ಲೇ ಬಂದ ದಾರಿಯೆಲ್ಲ ಮುಚ್ಚಿಹೋಯಿತು. ಅವನು ನಿಂತೇ ಇದ್ದ. ಅವಳು ಕವರನ್ನು ಮಡಿಸಿ ಇನ್ನೊಂದು ತೆಗೆದಳು.

“ನೀವೂ ಎಲ್ಲರ ಹಾಗೇ ಅಂದ್ಕೊಂಡ್ರಿ.”

“ಹೌದಮ್ಮಾ.”

“ಹಾಗಂದ್ಕೊಂಡು ಒಳಗಡೆ ಯಾಕೆ ಅಷ್ಟು ನುಣ್ಣಗೆ ಮಾಡಿದ್ರಿ? ಅವನನ್ನ ಇಡೋ ಮುಂಚೆ ನಾನು ಕೈಯಾಡಿಸಿ ನೋಡಿದ್ದೆ. ಅದಕ್ಕೇ ನಂಬಿದ್ದೆ ನಾನು.”

“ಜನ ನೋಡದೆ ಇದ್ರೂ ದೇವರು ನೋಡ್ತಾನೆ ಅಂತ.”

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಟ್ಟಳು. ಮೊದಲ ಸಲ ಅವನ ಮುಖ ನೋಡಿದಳು.

“ಆ ದೇವರು ಬಸ್ಸನ್ನೂ ನೋಡ್ತಾ ಇದ್ದ,” ಎಂದಳು.

ಅವಳು ಒಂದು ಗಳಿಗೆ ಕಾದಳು, ಏನಾದರೂ ಹೇಳುತ್ತಾನೇನೋ ಎಂದು. ಆಮೇಲೆ ಮತ್ತೆ ಇಸ್ತ್ರಿ ಎತ್ತಿಕೊಂಡಳು.

“ಇನ್ ಮೇಲೆ ಈ ಕಡೆ ಬರಬೇಡಿ. ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮನ್ನ ನೋಡಿದ್ರೆ ನನ್ನ ಮಗ ನಂಬೋರಿಲ್ದೆ ಒಬ್ಬನೇ ಹೋದ ಅನ್ನೋದು ನೆನಪಾಗುತ್ತೆ.”

ಅವನು ಮನೆಗೆ ವಾಪಸ್ ಬಂದ. ಅವಳು ಅದರ ಮರುವರ್ಷ ಅಂಗಡಿ ಮುಚ್ಚಿ, ದೂರದ ಊರಿನ ತಂಗಿಯ ಮನೆಗೆ ಹೋದಳು ಎಂದು ಆಮೇಲೆ ಯಾರಿಂದಲೋ ತಿಳಿಯಿತು. ಹೋಗುವಾಗ ಯಾರಿಗೂ ಹೇಳಿರಲಿಲ್ಲ.

ಊರು ಅವನನ್ನು ಈ ಸಲ ದೂರ ಇಡಲಿಲ್ಲ. ದೂರ ಇಡುವುದಕ್ಕೂ ಊರಿಗೆ ಅವನು ಬೇಕಾಗಿರಲಿಲ್ಲ. ಎದುರು ಸಿಕ್ಕರೆ ತಲೆ ಆಡಿಸುತ್ತಿದ್ದರು. ಪೆಟ್ಟಿಗೆಗಳು ಪಕ್ಕದ ಊರಿನಿಂದಲೇ ಬರುತ್ತಿದ್ದವು, ಅದು ಅಭ್ಯಾಸವಾಗಿಹೋಗಿತ್ತು. ಮೇಸ್ತ್ರಿ ಬಾಗಿಲು, ಕಿಟಕಿ, ಬೆಂಚು ಎಂದು ಸಿಕ್ಕಿದ ಕೆಲಸ ಮಾಡಿದ. ಹೆಂಡತಿ ಮನೆ ಬಿಟ್ಟು ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು, ಜೊತೆಗೆ ಕೂತು ಉಣ್ಣುತ್ತಿರಲಿಲ್ಲ. ಅಡುಗೆಮನೆಯಲ್ಲಿ ಹಾಡು ಯಾವ ದಿನವೂ ಕೇಳಿಸಲಿಲ್ಲ.

ಒಂದು ಮಧ್ಯಾಹ್ನ ಅವನು ಉಂಡು ಕೈ ತೊಳೆದು ಬರುವಷ್ಟರಲ್ಲಿ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

“ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ.”

“ಕೇಳು.”

“ಅಷ್ಟೆಲ್ಲ ನಿಮ್ಮ ದೇವರಿಗೋಸ್ಕರ ಮಾಡಿದ್ರಲ್ಲ. ಏನಾದ್ರೂ ಹೇಳಿದ್ನಾ ನಿಮಗೆ? ಸರಿ ಮಾಡ್ದೆ ಅಂತಾನೋ, ತಪ್ಪು ಮಾಡ್ದೆ ಅಂತಾನೋ?”

ಅವಳ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು ಅವಳಿಗೆ. ಅವನು ಯೋಚಿಸಿದ. ಬೆಳಿಗ್ಗೆ ಎದ್ದು ಮಂಡಿಯೂರುತ್ತಿದ್ದದ್ದು ನಿಜ. ಪ್ರಾರ್ಥನೆ ಮತ್ತೆ ಬಾಯಿಗೆ ಬರುತ್ತಿತ್ತು. ಕೋಣೆ ಮತ್ತೆ ಖಾಲಿಯಾಗಿತ್ತು. ಅದರಾಚೆಗೆ ಹೇಳುವಂಥದ್ದು ಏನೂ ಇರಲಿಲ್ಲ.

“ಇಲ್ಲ,” ಎಂದ. “ಏನೂ ಹೇಳಿಲ್ಲ.”

“ಮತ್ತೆ?”

“ಮತ್ತೇನಿಲ್ಲ. ಕಾಯ್ತಾ ಇದ್ದೀನಿ.”

ಅವಳು ಪಾತ್ರೆಗೆ ಮುಚ್ಚಳ ಹಾಕಿ ಒಳಕೋಣೆಗೆ ಹೋಗಿ ಮಲಗಿಕೊಂಡಳು. ಮೇಸ್ತ್ರಿ ತಟ್ಟೆ ತೊಳೆದಿಟ್ಟು ಅಂಗಡಿಗೆ ಹೋದ. ಪಕ್ಕದ ಬೀದಿಯವರಿಗೆ ಒಂದು ಬಾಗಿಲು ಚೌಕಟ್ಟನ್ನು ಸಂಜೆಯೊಳಗೆ ಕೊಡಬೇಕಿತ್ತು.